ಡಿಗ್ರಿ ಬಿಡ್ತೀನಿ ಎಂದು ಬಂದ ಲ್ಯಾಬ್ ಅಪ್ರೆಂಟಿಸ್

ಕೆಲಸ ಬಿಡಲೋ, ಓದು ಬಿಡಲೋ? ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಔಷಧ ಕಂಪನಿಗಳಲ್ಲಿ ಅಪ್ರೆಂಟಿಸ್ ಆಗಿರುವ ನಮ್ಮ ಕನ್ನಡದ ಮಕ್ಕಳು ಈ ಪ್ರಶ್ನೆ ಹಿಡಿದು ನನ್ನ ಬಳಿ ಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಹೆಚ್ಚಿನವರು ಝುವಾರಿನಗರ, ಬೈನಾ ಕಡೆಯವರು. ವಿಜಯಪುರ, ಬಾಗಲಕೋಟೆ, ಗದಗದಿಂದ ದುಡಿಯಲು ಬಂದು ಇಲ್ಲೇ ನೆಲೆಸಿದ ಮನೆಗಳ ಮಕ್ಕಳು. ಹಗಲು ಲ್ಯಾಬ್, ರಾತ್ರಿ ದೂರಶಿಕ್ಷಣದ ಬಿಎಸ್ಸಿ. ಪ್ರಶ್ನೆ ಒಂದೇ ಆದರೂ ಅದರ ಹಿಂದಿರುವ ಸಂಗತಿ ಒಬ್ಬೊಬ್ಬರದು ಒಂದೊಂದು. ಅದನ್ನು ಕೇಳದೆ ಉತ್ತರ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಈ ಪ್ರಕರಣ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹನ್ನೆರಡನೇ ತರಗತಿ ವಿಜ್ಞಾನ ಮುಗಿಸಿದ ಹುಡುಗಿ. ಅಪ್ಪ ಗೌಂಡಿ ಕೆಲಸದವರು. ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷಾ ಲ್ಯಾಬಿನಲ್ಲಿ ಅಪ್ರೆಂಟಿಸ್, ಜೊತೆಗೆ ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದಲ್ಲಿ ಬಿಎಸ್ಸಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ ಲ್ಯಾಬ್. ಅಸೈನ್‌ಮೆಂಟ್ ಕೊಡುವ ದಿನ ಹತ್ತಿರವಾಗಿದ್ದರಿಂದ ರಾತ್ರಿ ಒಂದರವರೆಗೆ ಬರೆಯುತ್ತಿದ್ದಳು. "ನಿದ್ದಿ ಇಲ್ಲ, ತಲಿಗೆ ಏನೂ ಹತ್ತವಲ್ದು. ಎರಡು ದೋಣಿ ಮ್ಯಾಲೆ ಕಾಲಿಡಬ್ಯಾಡ ಅಂತಾನ ಅಪ್ಪ. ಡಿಗ್ರಿ ಬಿಡ್ತೀನ್ರೀ ಅಕ್ಕಾರ" ಎಂದಳು. ಮಾತು ಅಷ್ಟು ಸಲೀಸಾಗಿ ಬಂದಿತ್ತು, ಮನೆಯಿಂದಲೇ ಕಲಿತುಕೊಂಡು ಬಂದಂತಿತ್ತು.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಮುಟ್ಟು, ಮನೆಯ ಖರ್ಚು ಎಲ್ಲ ಕೇಳಿದ್ದಾಯಿತು. ಎರಡನೆಯ ಸಲ ಬಂದಾಗ ಒಂದೇ ಕೆಲಸ ಹೇಳಿದೆ: ಹೋದ ವಾರದ ಯಾವುದಾದರೂ ಒಂದು ದಿನ ಲ್ಯಾಬಿನಲ್ಲಿ ಏನೇನು ಮಾಡಿದೆ, ಗಂಟೆ ಗಂಟೆಯ ಲೆಕ್ಕ ಹೇಳು. ದಣಿದಿದ್ದೇನೆ ಎನ್ನುವ ಯಾರಿಗಾದರೂ ಇದನ್ನೇ ಹೇಳುತ್ತೇನೆ. ದಣಿವು ಎಲ್ಲಿ ಕೂತಿದೆ ಎಂಬುದು ದಿನಚರಿಯಲ್ಲಿ ಸಿಗುತ್ತದೆ.

ಹೇಳತೊಡಗಿದಳು. ಮೊದಲು ಪಿಎಚ್, ಅಂದರೆ ಆಮ್ಲೀಯತೆ, ಅಳೆಯುವ ಮೀಟರ್‌ನ ಕ್ಯಾಲಿಬ್ರೇಶನ್. ಆಮೇಲೆ ಎಚ್‌ಪಿಎಲ್‌ಸಿಗೆ (ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಮೊಬೈಲ್ ಫೇಸ್, ಅಂದರೆ ಅದರಲ್ಲಿ ಹರಿಸುವ ದ್ರಾವಣ. ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್ 6.8 ಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸುವುದು, ಆರ್ಥೋಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ 3.0ಕ್ಕೆ ತಂದು ಬಫರ್ (ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ) ಮಾಡುವುದು, 0.45 ಮೈಕ್ರಾನ್ ಮೆಂಬ್ರೇನ್‌ನಲ್ಲಿ ಸೋಸಿ ಸೋನಿಕೇಟರ್‌ನಲ್ಲಿಟ್ಟು ಗಾಳಿಗುಳ್ಳೆ ತೆಗೆಯುವುದು. "ಪಿಎಚ್ ಮೂರಕ್ಕಿಂತ ಕೆಳಗ ಇಳೀತು ಅಂದ್ರ ಕ್ಷಾರ ಹಾಕಿ ಮ್ಯಾಲೆ ತರಂಗಿಲ್ರೀ. ಉಪ್ಪಿನ ಪ್ರಮಾಣ ಬದಲಾಗತದ, ಪೀಕ್ ಬರೋ ಟೈಮ್ ಸರೀತದ. ಚೆಲ್ಲಿ ಹೊಸಾದು ಮಾಡಬೇಕು." ತಲೆಗೆ ಏನೂ ಹತ್ತುವುದಿಲ್ಲ ಎಂದವಳು ಕಾರಣ ಸಮೇತ ಹೇಳುತ್ತಿದ್ದಳು. ಹನ್ನೊಂದೂವರೆಗೆ ಗಾಜಿನ ಸಾಮಾನು ತೊಳೆದದ್ದು, ಊಟವಾದ ಮೇಲೆ ಕಾರ್ಲ್ ಫಿಷರ್ ಟೈಟ್ರೇಶನ್ ಯಂತ್ರದಲ್ಲಿ ತೇವಾಂಶ ನೋಡಿದ್ದು. ಆಮೇಲೆ ಸೀದಾ "ನಾಲ್ಕೂವರೆಗೆ" ಅಂದಳು.

ಎರಡರಿಂದ ನಾಲ್ಕೂವರೆ ಏನಾಯಿತು ತಂಗಿ, ಎಂದು ಕೇಳಿದೆ. ಉತ್ತರ ಬರಲು ಬಹಳ ಹೊತ್ತಾಯಿತು.

"ಎರಡು ಗಂಟೇದ ಖಾನೆ ನಾನ ತುಂಬೀನ್ರೀ ಅಕ್ಕಾರ. ನೋಡದ."

ವಿಷಯ ಇದು. ಕೆಡುತ್ತವೆಯೇ ಎಂದು ನೋಡಲು ಲ್ಯಾಬಿನ ಸ್ಟೆಬಿಲಿಟಿ ಚೇಂಬರಿನಲ್ಲಿ ಮಾತ್ರೆಗಳನ್ನು 40 ಡಿಗ್ರಿ, 75 ಶೇಕಡಾ ತೇವದಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ತಾಪಮಾನ 2 ಡಿಗ್ರಿ, ತೇವ 5 ಶೇಕಡಾ ಆಚೀಚೆ ಆಗಬಹುದು, ಅದಕ್ಕಿಂತ ಹೆಚ್ಚು ಕೂಡದು. ಹತ್ತು, ಎರಡು, ಐದು ಗಂಟೆಗೆ ಡಿಸ್‌ಪ್ಲೇ ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುವ ಕೆಲಸ ಇವಳದು. ಅವತ್ತು ಕಾರ್ಲ್ ಫಿಷರ್ ಮುಂದೆ ತೂಕಡಿಕೆ ಬೇರೆ, ಎರಡು ಗಂಟೆ ಮರೆತಿತ್ತು. ನಾಲ್ಕೂವರೆಗೆ ಖಾಲಿ ಖಾನೆ ಕಂಡು ಹೆದರಿ ಹಿರಿಯ ಅನಲಿಸ್ಟ್‌ಗೆ ತೋರಿಸಿದ್ದಾಳೆ. ಈಗ ಇರುವುದನ್ನೇ ಬರೆದುಬಿಡು, ಅದೇನು ಬದಲಾಗಿರುತ್ತದೆಯೇ ಎಂದಿದ್ದಾರೆ ಅವರು. 40.1 ಎಂದು ಬರೆದು, ಎರಡು ಗಂಟೆಯ ಎದುರು ಸಹಿ ಹಾಕಿದ್ದಾಳೆ. ನಿದ್ದೆ ಪೂರ್ತಿ ಹೋದದ್ದು ಅವತ್ತಿನಿಂದ. ಡಿಗ್ರಿ ಬಿಟ್ಟರೆ ರಾತ್ರಿ ಮಲಗಬಹುದು, ಮಲಗಿದರೆ ಇಂಥದ್ದು ಇನ್ನೊಮ್ಮೆ ಆಗುವುದಿಲ್ಲ ಎಂಬುದು ಅವಳ ಲೆಕ್ಕ. ಲೆಕ್ಕದಲ್ಲಿ ಅರ್ಥವಿತ್ತು. ಆದರೆ ಆಗಿಹೋದದ್ದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಪಿಎಚ್ ಇಳಿದ ಬಫರನ್ನು ಚೆಲ್ಲುವಾಗ ಬೈಸಿಕೊಳ್ಳುತ್ತೀಯಾ, ಎಂದು ಕೇಳಿದೆ. "ಬೈತಾರ್ರೀ. ಆದ್ರೂ ಚೆಲ್ಲತೀನಿ." ಹಾಗಾದರೆ ಇದನ್ನೂ ಚೆಲ್ಲಬೇಕಲ್ಲ, ಎಂದೆ. ಆಗ ಅತ್ತಳು.

ನಾನು ಕೊಟ್ಟ ಸಲಹೆ: ನಾಳೆ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಹೇಳು. ಬಾಯಿಮಾತಿನ ಜೊತೆ ನಾಲ್ಕು ಸಾಲು ಬರೆದೂ ಕೊಡು. ತಾರೀಖು, ಚೇಂಬರ್ ನಂಬರ್, ಎರಡು ಗಂಟೆಗೆ ನೋಡಲಿಲ್ಲ ಎಂಬುದು, ನಾಲ್ಕೂವರೆಯ ರೀಡಿಂಗನ್ನು ಎರಡು ಗಂಟೆಯ ಖಾನೆಯಲ್ಲಿ ಬರೆದೆ ಎಂಬುದು. ಕ್ಷಮೆಯ ಪುರಾಣ ಬೇಡ. ಹಿರಿಯರ ಮಾತನ್ನು ನೀನಾಗಿ ದೂರಬೇಡ, ಕೇಳಿದರೆ ಮುಚ್ಚಿಡಲೂ ಬೇಡ. ಲಾಗ್‌ಬುಕ್ಕನ್ನು ಮಾತ್ರ ಮುಟ್ಟಲೇಬೇಡ. ದಿನನಿತ್ಯದ ಬರವಣಿಗೆ ತಪ್ಪಿಗೆ ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಕಾರಣ ಬರೆಯುವ ಪದ್ಧತಿ ಇದೆ. ಇದು ಆ ಜಾತಿಯ ತಪ್ಪಲ್ಲ. ಇದನ್ನು ಡೀವಿಯೇಶನ್ (ಪದ್ಧತಿ ತಪ್ಪಿದ ಘಟನೆ) ಎಂದು ದಾಖಲಿಸಿ ತನಿಖೆ ಮಾಡಬೇಕಾದವರು ಗುಣಮಟ್ಟ ಖಾತರಿ ವಿಭಾಗದವರು. ನೀನೇ ತಿದ್ದಿದರೆ ಒಂದು ಸುಳ್ಳಿನ ಮೇಲೆ ಇನ್ನೊಂದು ಕೂರುತ್ತದೆ.

ಬಡ ಹುಡುಗಿಯನ್ನು ಹೀಗೆ ಮುಂದೆ ತಳ್ಳಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಕೆಲಸ ಹೋಗಬಹುದು ಎಂಬುದನ್ನು ಆಕೆಗೆ ಮೊದಲೇ ಹೇಳಿದ್ದೆ, ಮುಚ್ಚಿರಲಿಲ್ಲ. ಆದರೂ ಈ ಸಲಹೆಯನ್ನೇ ಕೊಟ್ಟೆ, ಮುಂದೆಯೂ ಕೊಡುತ್ತೇನೆ. ಚೇಂಬರಿಗೆ ಡೇಟಾ ಲಾಗರ್ ಇರುತ್ತದೆ, ಅದು ನಿಮಿಷಗಳ ಲೆಕ್ಕದಲ್ಲಿ ತಾನೇ ದಾಖಲಿಸಿಕೊಳ್ಳುತ್ತದೆ. ಬಾಗಿಲು ತೆರೆದಿದ್ದೋ, ಕರೆಂಟ್ ಹೋಗಿಯೋ ಎರಡು ಗಂಟೆಗೆ 37 ಡಿಗ್ರಿಗೆ ಇಳಿದಿದ್ದರೆ, ಲಾಗರ್ ಒಂದು ಹೇಳುತ್ತದೆ, ಇವಳ ಸಹಿ ಇನ್ನೊಂದು. ತಪಾಸಣೆಗೆ ಬರುವವರು ಮೊದಲು ಹೋಲಿಸಿ ನೋಡುವುದು ಇಂಥವನ್ನೇ. ಆಗ ಸಿಕ್ಕಿಬಿದ್ದರೆ ಅದು ಮರೆವಲ್ಲ, ದಾಖಲೆ ಸೃಷ್ಟಿ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಮಾತ್ರೆಯ ಪಟ್ಟಿಯ ಮೇಲೆ ಅಚ್ಚಾಗುವ ಕೊನೆಯ ದಿನಾಂಕ ಇಂಥ ಚೇಂಬರುಗಳ ಫಲಿತಾಂಶ ನೋಡಿ ನಿಗದಿಯಾಗುತ್ತದೆ. ಆ ಮಾತ್ರೆ ನುಂಗುವವರಲ್ಲಿ ಇವಳ ಅವ್ವನೂ ಇರಬಹುದು. ಈ ಮಾತನ್ನು ಆಕೆಗೆ ಹೇಳಬೇಕಾಗಲಿಲ್ಲ, ನಿದ್ದೆ ಹೋದದ್ದೇ ಆ ತಿಳಿವಿನಿಂದ.

ಕಲಿಯುವವರೆಂಬ ಸ್ಥಾನವನ್ನು ನಮ್ಮ ಮಕ್ಕಳು ಬಳಸಿಕೊಳ್ಳುವುದೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮು ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ ಎನ್ನುತ್ತದೆ. 15ನೇ ಕಲಮಿನಂತೆ ಅಪ್ರೆಂಟಿಸ್ ಸಲಹೆಗಾರ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಈಕೆ ಕರಾರು ಪತ್ರವನ್ನು ಓದಿಯೇ ಇರಲಿಲ್ಲ, ಸಹಿ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದಳು. ತರಿಸಿ ಇಬ್ಬರೂ ಕೂತು ಓದಿದೆವು: ಅವಧಿ, ಸ್ಟೈಪೆಂಡ್, ಕೆಲಸದ ಹೊತ್ತು, ಏನು ಕಲಿಸಬೇಕು ಎಂಬುದು. ಒಂದೇ ಹೊತ್ತಿಗೆ ಟೈಟ್ರೇಶನ್ ಮತ್ತು ಚೇಂಬರ್ ರೀಡಿಂಗ್ ಎರಡೂ ನನ್ನ ಮೇಲಿದೆ, ಒಂದನ್ನು ಬೇರೆಯವರಿಗೆ ಕೊಡಿ ಅಥವಾ ಲ್ಯಾಬ್ ಟೈಮರ್ ಕೊಡಿ ಎಂದು ಕೇಳುವುದು ತರಬೇತಿಯವರ ಹಕ್ಕೇ. ಲ್ಯಾಬಿನೊಳಗೆ ಮೊಬೈಲ್ ಬಿಡುವುದಿಲ್ಲ, ಹಾಗಾಗಿ ಅಲಾರಂ ಇಡುವ ಉಪಾಯ ಅಲ್ಲಿ ನಡೆಯದು.

ಇನ್ನು ಡಿಗ್ರಿ. ಮೂರು ವರ್ಷದ ಬಿಎಸ್ಸಿಯನ್ನು ಇಗ್ನೋದಲ್ಲಿ ಆರು ವರ್ಷದವರೆಗೆ ಮುಗಿಸಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಎರಡು ಸಲ. ಎಲ್ಲ ಪೇಪರನ್ನೂ ಒಂದೇ ಸಲ ಕಟ್ಟಬೇಕೆಂದಿಲ್ಲ. ಥಿಯರಿ ಅಂಕದಲ್ಲಿ 30 ಶೇಕಡಾ ಅಸೈನ್‌ಮೆಂಟಿನದು. ಅದನ್ನು ಕೊನೆಯ ವಾರಕ್ಕೆ ಗುಡ್ಡೆ ಹಾಕಿಕೊಂಡು ರಾತ್ರಿ ಒಂದರವರೆಗೆ ಕೂರುವುದೇ ಎಲ್ಲರೂ ಮಾಡುವ ತಪ್ಪು. ಲ್ಯಾಬಿನ ಕೆಲಸ ಮತ್ತು ಪಾಠ ಸೇರುವ ಕಡೆ ಓದಿದರೆ ಅರ್ಧ ಹೊತ್ತು ಸಾಕು. ಫಾಸ್ಫೇಟ್ ಬಫರ್ ಮಾಡಿದ ದಿನ ಸಂಜೆ ಬಫರಿನ ಅಧ್ಯಾಯ ತೆಗೆ ಎಂದೆ. ಫಾಸ್ಫಾರಿಕ್ ಆಮ್ಲದ ಪಿಕೆಎ (ಆಮ್ಲದ ಬಲ ತೋರಿಸುವ ಅಂಕಿ) 2.15 ಮತ್ತು 7.2, ಒಂದು ಪಿಎಚ್ ಆಚೀಚೆಯಷ್ಟೇ ಅದು ಚೆನ್ನಾಗಿ ತಡೆದು ನಿಲ್ಲುವುದು. ಹಾಗಾಗಿ 3.0ರಲ್ಲಿ ನಡೆಯುತ್ತದೆ, 5.0ರಲ್ಲಿ ನಡೆಯುವುದಿಲ್ಲ. ಕೈಯಲ್ಲಿ ಮಾಡಿದ್ದು ಪುಸ್ತಕದಲ್ಲಿ ಕಂಡರೆ ಮರೆಯುವುದಿಲ್ಲ. ಒಂದು ಎಚ್ಚರ: ಕಂಪನಿಯ ಬ್ಯಾಚ್ ನಂಬರ್, ಕ್ರೊಮ್ಯಾಟೋಗ್ರಾಂ (ಎಚ್‌ಪಿಎಲ್‌ಸಿ ಕೊಡುವ ನಕ್ಷೆ), ವಿಧಾನದ ಹಾಳೆ ಯಾವುದೂ ಅಸೈನ್‌ಮೆಂಟಿಗೆ ಹೋಗಬಾರದು. ಅವು ಗೋಪ್ಯ, ಇದರಲ್ಲಿ ಸಿಕ್ಕಿಬಿದ್ದರೆ ಯಾರೂ ಕೈ ಹಿಡಿಯುವುದಿಲ್ಲ.

ಆಕೆ ಹೋಗಿ ಹೇಳಿದಳು. ಲಾಗರ್ ತೆಗೆದು ನೋಡಿದ್ದಾರೆ, ಎರಡು ಗಂಟೆಗೆ ಚೇಂಬರ್ ಮಿತಿಯೊಳಗೇ ಇತ್ತು. ಡೀವಿಯೇಶನ್ ದಾಖಲಾಯಿತು, ಈಕೆಗೆ ದಾಖಲೆ ಬರೆಯುವ ತರಬೇತಿ ಇನ್ನೊಮ್ಮೆ ಕೊಟ್ಟರು, ಲಿಖಿತ ಎಚ್ಚರಿಕೆಯೂ ಬಂತು. ಹಿರಿಯ ಅನಲಿಸ್ಟ್ ಮಾತು ಬಿಟ್ಟಿದ್ದಾರೆ. ಎಚ್‌ಪಿಎಲ್‌ಸಿ ಕಲಿಸುತ್ತಿದ್ದವರು ಅವರೇ, ಆ ನಷ್ಟ ಸಣ್ಣದಲ್ಲ. ಬೇರೆಯವರ ಕೈಕೆಳಗೆ ಹಾಕಿ ಎಂದು ತರಬೇತಿ ನೋಡಿಕೊಳ್ಳುವವರನ್ನು ಕೇಳಲು ಹೇಳಿದ್ದೇನೆ.

ಡಿಸೆಂಬರಿಗೆ ಎರಡೇ ಪೇಪರ್ ಕಟ್ಟಿದ್ದಾಳೆ. ಬಿಎಸ್ಸಿಯ ಪ್ರಯೋಗ ಶಿಬಿರಕ್ಕೆ ಹಾಜರಿ ಕಡ್ಡಾಯ, ದಿನವಿಡೀ ಅಲ್ಲಿರಬೇಕು. ವೇಳಾಪಟ್ಟಿ ಕೈಗೆ ಬಂದ ದಿನವೇ ಅಧ್ಯಯನ ಕೇಂದ್ರದ ಪತ್ರ ಲಗತ್ತಿಸಿ ರಜೆಗೆ ಬರೆದುಕೊಟ್ಟಿದ್ದಾಳೆ. ಮಂಜೂರಾಗುವುದು ಇನ್ನೂ ಬಾಕಿ.