ಫ್ಲಶ್ ಟ್ಯಾಂಕಿನ ನೀರು ನಿಲ್ಲುತ್ತಿಲ್ಲ, ಟ್ಯಾಂಕನ್ನೇ ಬದಲಿಸಬೇಕೆ?

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು ಬೋರ್‌ವೆಲ್ ನೀರಿನ ಮನೆ. ಕಮೋಡಿನೊಳಗೆ ಹಗಲೂ ರಾತ್ರಿ ಸಣ್ಣಗೆ ನೀರು ಹರಿಯುತ್ತಲೇ ಇರುತ್ತದೆ. ವಾಷರ್ ಹೊಸದು ಹಾಕಿಸಿದರೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪಾಡು. ಇಡೀ ಫ್ಲಶ್ ಟ್ಯಾಂಕ್ ಬದಲಿಸಿ ಎನ್ನುತ್ತಾರೆ ಪ್ಲಂಬರ್. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ಟ್ಯಾಂಕ್ ಒಡೆದಿಲ್ಲವಾದರೆ ಅದನ್ನು ಬದಲಿಸುವ ಅಗತ್ಯವೇ ಇಲ್ಲ. ಆದರೆ ಕೆಲಸವನ್ನು ನಾಳೆಗೆ ಬಿಡಬೇಡಿ. ಗಂಟೆಗೆ 15 ಲೀಟರಿನ ಒಂದು ಬಕೆಟ್‌ನಷ್ಟು ಹರಿದರೂ ದಿನಕ್ಕೆ 360 ಲೀಟರ್ ಆಯಿತು. ಮಾಳಿಗೆಯ ಮೇಲಿನ 500 ಲೀಟರಿನ ಟ್ಯಾಂಕ್ ಎರಡು ದಿನವೂ ಬಾಳದು. ಬೇಸಿಗೆಯಲ್ಲಿ ಕೊಡ ನೀರಿಗೂ ಲೆಕ್ಕ ಹಾಕುವ ನಮ್ಮ ಕಡೆ ಇಷ್ಟು ನೀರು ಸದ್ದಿಲ್ಲದೆ ಚರಂಡಿ ಸೇರುವುದನ್ನು ಸಹಿಸಲಾಗದು.

ಮೊದಲು ನೀರು ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಇದನ್ನು ನೋಡದೆ ವಾಷರ್ ಬದಲಿಸುವುದರಿಂದಲೇ ಎಷ್ಟೋ ಮನೆಗಳಲ್ಲಿ ದುಡ್ಡು ಹಾಳಾಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆಯಿರಿ. ನಡುವಿನ ಓವರ್‌ಫ್ಲೋ ಕೊಳವೆಯ ಬಾಯಿಗೆ ನೀರು ತುಳುಕಿ ಒಳಗೆ ಇಳಿಯುತ್ತಿದ್ದರೆ, ನೀರು ತುಂಬಿಸುವ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ. ಹಾಗೆ ಕಾಣದಿದ್ದರೆ ಗೋಡೆಯ ಬಳಿ ಟ್ಯಾಂಕಿಗೆ ನೀರು ಬಿಡುವ ಪುಟ್ಟ ನಲ್ಲಿ, ಅಂದರೆ ಆಂಗಲ್ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆದು, ಒಂದು ಗಂಟೆ ಫ್ಲಶ್ ಮಾಡದೆ ಬಿಡಿ. ಗೆರೆಗಿಂತ ನೀರು ಇಳಿದಿದ್ದರೆ ತಪ್ಪು ತಳದ ವಾಷರ್ ಬಳಿಯದು. ಆಂಗಲ್ ವಾಲ್ವ್ ಹಳೆಯದಾಗಿ ಪೂರ್ತಿ ಮುಚ್ಚದಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಆಗ ಮಾಳಿಗೆಯ ಮೇಲಿನ ವಾಲ್ವನ್ನೇ ಮುಚ್ಚಿ.

ಹೊಸ ವಾಷರ್ ಬಾಳದಿರುವುದಕ್ಕೆ ಕಾರಣ ಬಹುಮಟ್ಟಿಗೆ ವಾಷರ್ ಅಲ್ಲ, ನಿಮ್ಮ ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ವಾಷರ್ ಕೂರುವ ಅಂಚಿನ ಮೇಲೆ ಬಿಳಿಯ ಪದರವಾಗಿ ಗಟ್ಟಿಯಾಗುತ್ತದೆ. ಒರಟಾದ ಅಂಚಿನ ಮೇಲೆ ಎಷ್ಟೇ ಮೆತ್ತನೆಯ ರಬ್ಬರ್ ಇಟ್ಟರೂ ಸಂದಿ ಉಳಿದೇ ಉಳಿಯುತ್ತದೆ. ಆದ್ದರಿಂದ ಅಂಚಿಗೆ ಗಮನ ಕೊಡಿ. ನೀರು ಬಂದ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ಗುಂಡಿ ಒತ್ತಿದಾಗ ಕಮೋಡಿಗೆ ನೀರು ಬಿಡುವ ನಡುವಿನ ಜೋಡಣೆಯನ್ನು, ಅಂದರೆ ಫ್ಲಶ್ ವಾಲ್ವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಮೇಲೆತ್ತಿ. ಎರಡು ಗುಂಡಿಗಳ ಟ್ಯಾಂಕುಗಳಲ್ಲಿ ಹೆಚ್ಚಿನವು ಹೀಗೇ ಬಿಡಿಸಿಕೊಳ್ಳುತ್ತವೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ತಳದ ಅಂಚಿನ ಸುತ್ತ ಒಂದು ಗಂಟೆ ಇಟ್ಟು, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಬೆಚ್ಚನೆಯ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪೂ (ಸಿಟ್ರಿಕ್ ಆಸಿಡ್) ಆಗುತ್ತದೆ. ಪಾತ್ರೆ ಉಜ್ಜುವ ತಂತಿ ಮಾತ್ರ ಬೇಡ. ಅದು ಬಿಟ್ಟ ಗೀರಿನಲ್ಲೇ ಮತ್ತೆ ನೀರು ಸೋರುತ್ತದೆ. ಅಂಚು ಬೆರಳಿಗೆ ನುಣುಪಾಗಿ ಸಿಕ್ಕ ಮೇಲೆ ವಾಷರ್ ನೋಡಿ. ಅದು ಗಟ್ಟಿಯಾಗಿದ್ದರೆ ಅಥವಾ ಸೊಟ್ಟಗಿದ್ದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಏಕೆಂದರೆ ಒಂದೊಂದು ಕಂಪನಿಯ ಅಳತೆ ಒಂದೊಂದು ಥರ.

ಫ್ಲೋಟ್ ವಾಲ್ವ್‌ನ ತಪ್ಪಾಗಿದ್ದರೆ ನೀರು ಬಂದ್ ಮಾಡಿ ಅದರ ತಲೆಯ ಮುಚ್ಚಳ ಬಿಚ್ಚಿ, ಒಳಗಿನ ಪುಟ್ಟ ರಬ್ಬರ್ ತೊಳೆಯಿರಿ. ಬೋರ್‌ವೆಲ್‌ನ ಸಣ್ಣ ಮರಳು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಜೋಡಿಸುವ ಮುನ್ನ ವಾಲ್ವ್ ಬಾಯಿಗೆ ಲೋಟ ಬೋರಲು ಹಿಡಿದು ಕ್ಷಣಕಾಲ ನೀರು ಬಿಟ್ಟರೆ ಉಳಿದ ಕಸವೂ ಹೊರಬರುತ್ತದೆ. ಕೊನೆಗೆ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೆ ನೀರು ನಿಲ್ಲುವಂತೆ ಫ್ಲೋಟ್‌ನ ಸ್ಕ್ರೂ ಹೊಂದಿಸಿ. ಹಳೆಯ ಕಾಲದ ಚೆಂಡಿನ ಫ್ಲೋಟ್ ಆಗಿದ್ದರೆ ಅಲುಗಾಡಿಸಿ ನೋಡಿ, ಒಳಗೆ ನೀರಿನ ಸದ್ದು ಕೇಳಿದರೆ ಆ ಚೆಂಡೊಂದನ್ನೇ ಬದಲಿಸಿದರೆ ಸಾಕು.

ಒಂದು ಎಚ್ಚರಿಕೆ. ಶೌಚಾಲಯ ತೊಳೆಯುವ ಆಸಿಡ್ಡನ್ನು ಟ್ಯಾಂಕಿನೊಳಗೆ ಎಂದೂ ಸುರಿಯಬೇಡಿ. ಬೋಲ್ಟು, ರಬ್ಬರ್ ಎಲ್ಲವನ್ನೂ ಅದು ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಆಸಿಡ್ ಆಗಲಿ ವಿನೆಗರ್ ಆಗಲಿ ಸೇರಿದರೆ ವಿಷಾನಿಲ ಏಳುತ್ತದೆ. ಕಿಟಕಿಯಿಲ್ಲದ ಸಣ್ಣ ಶೌಚಾಲಯದಲ್ಲಿ ಅದು ಜೀವಕ್ಕೇ ಅಪಾಯ.

ನಿಮ್ಮ ನೀರು ಬದಲಾಗದು, ಆದ್ದರಿಂದ ಸುಣ್ಣದ ಪದರ ಮತ್ತೆ ಕಟ್ಟುತ್ತದೆ. ನಾಲ್ಕೈದು ತಿಂಗಳಿಗೊಮ್ಮೆ ಈ ಅಂಚನ್ನು ಒರೆಸಿಡಿ. ಇಷ್ಟೆಲ್ಲ ಮಾಡಿದ ಮೇಲೂ ಪೆನ್ಸಿಲ್ ಗೆರೆಯಿಂದ ನೀರು ಇಳಿಯುತ್ತಿದ್ದರೆ, ಫ್ಲಶ್ ವಾಲ್ವ್ ಜೋಡಣೆಯನ್ನಷ್ಟೇ ಬದಲಿಸಿಕೊಡಿ ಎಂದು ಪ್ಲಂಬರ್‌ಗೆ ಹೇಳಿ. ಅದು ಬಿಡಿಯಾಗಿಯೇ ಸಿಗುತ್ತದೆ.