ರಾತ್ರಿ ಪಾಳಿ ಹಿಡಿದರೆ ನಿದ್ದೆ, ಊಟ, ಸಂಸಾರ ಹೇಗೆ ನಡೆಯುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳಿಂದ ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿ, ಮನೆಯಲ್ಲಿ ಹೆಂಡತಿ, ತಾಯಿ, ಎರಡು ವರ್ಷದ ಮಗಳು ಇದ್ದಾರೆ ಅಂದಿದ್ದೀರಿ. ನಿದ್ದೆ, ಊಟ, ಮನೆ ಎಲ್ಲ ಹೇಗೆ ನಡೆಯುತ್ತದೆ, ಮೈ ಒಗ್ಗಿಕೊಳ್ಳುತ್ತದಾ ಅಂತ ಕೇಳಿದ್ದೀರಿ.

ನಾನು ಮುಧೋಳ ಕಡೆಯವನು. ಸಕ್ಕರೆ ಕಾರ್ಖಾನೆಯ ಪ್ಯಾನ್ ವಿಭಾಗದಲ್ಲಿದ್ದೇನೆ. ಅಂದರೆ ಕಬ್ಬಿನ ರಸ ಗಟ್ಟಿಯಾಗಿ ಹರಳು ಕಟ್ಟುವ ಜಾಗ. ಹಂಗಾಮು ಶುರುವಾಯಿತು ಅಂದರೆ ಕಬ್ಬು ನುರಿಸುವುದು ಹಗಲು ರಾತ್ರಿ ನಡೆಯಲೇಬೇಕು. ನಮ್ಮಲ್ಲಿ ಪಾಳಿ ಬದಲಾಗುವುದು ಬೆಳಗಿನ ಜಾವ 4ಕ್ಕೆ, ಮಧ್ಯಾಹ್ನ 12ಕ್ಕೆ, ರಾತ್ರಿ 8ಕ್ಕೆ. ವರ್ಷಗಳಿಂದ ಇದರಲ್ಲೇ ಇದ್ದೇನೆ.

ನೇರವಾಗಿ ಹೇಳಿಬಿಡುತ್ತೇನೆ. ಮೈ ಪೂರ್ತಿ ಒಗ್ಗುವುದಿಲ್ಲ. ರಾತ್ರಿ ಎದ್ದಿರುವುದನ್ನು ಹೇಗೋ ಕಲಿತುಬಿಡುತ್ತೀರಿ, ಹಗಲು ಮಲಗುವುದೇ ದೊಡ್ಡ ಕೆಲಸ. ಮತ್ತೆ ಆ ನಿದ್ದೆ ನಿಮ್ಮೊಬ್ಬರ ಕೈಯಲ್ಲಿ ಇಲ್ಲ, ಇಡೀ ಮನೆಯ ಕೈಯಲ್ಲಿದೆ. ಕೆಲಸಕ್ಕೆ ಸೇರುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಅರ್ಧ ಕಷ್ಟ ಅಲ್ಲೇ ಕಡಿಮೆ ಆಗುತ್ತದೆ.

‘ರೂಢಿ ಆಗ್ತದ ಬಿಡು’ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿಕೊಂಡು ಸುಮ್ನೆ ಕೂರಬೇಡಿ. ನಮ್ಮ ಮೆದುಳಿನಲ್ಲಿ ಬೆಳಕು ನೋಡಿ ಹೊಂದಿಕೊಳ್ಳುವ ಒಂದು ಗಡಿಯಾರ ಇದೆ. ಇಂಥ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಅಂತ ಹಣ್ಣುನೊಣಗಳಲ್ಲಿ ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಶ್, ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಕತ್ತಲಾದ ಮೇಲೆ ಮೆಲಟೋನಿನ್ ಅನ್ನುವ ಹಾರ್ಮೋನು ಏರುತ್ತದೆ, ನಿದ್ದೆ ಬರುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಅದು ಇಳಿಯುತ್ತದೆ. ಬೆಳಗಿನ ಜಾವ 4-5ರ ಸುಮಾರಿಗೆ ಮೈ ಕಾವು ತೀರಾ ಕಡಿಮೆ ಇರುತ್ತದೆ. ಆ ಹೊತ್ತಿಗೆ ಎಂಥ ಗಟ್ಟಿ ಆಳೂ ತೂಕಡಿಸುತ್ತಾನೆ. ಅದು ಸೋಮಾರಿತನ ಅಲ್ಲ. ನಿಮ್ಮ ತಾಯಿಯವರಿಗೂ ಇದನ್ನು ತಿಳಿಸಿ ಹೇಳಿ. ಹೊತ್ತು ನೆತ್ತಿಗೇರಿದರೂ ಮಲಗಿರುವ ಮಗನನ್ನು ನೋಡಿದರೆ ಹಿರಿಯರಿಗೆ ಸಂಕಟ ಆಗುತ್ತದೆ, ಅಲ್ವಾ?

ಆ ಜಾವದ ಹೊತ್ತು ಹೇಗಿರುತ್ತದೆ ಅಂತ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಕುದಿಯುವ ಪ್ಯಾನಿನಿಂದ ಚೂರು ಪಾಕ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ, ದೀಪಕ್ಕೆ ಹಿಡಿದು ನೋಡಬೇಕು. ಹರಳು ಒಂದೇ ಅಳತೆಯಲ್ಲಿ ಬೆಳೆಯುತ್ತಿವೆಯಾ, ನಡುವೆ ಬೇಡದ ಪುಡಿ ಹರಳು ಹುಟ್ಟಿವೆಯಾ ಅಂತ ಕಣ್ಣಲ್ಲೇ ಗೊತ್ತು ಮಾಡಿಕೊಳ್ಳಬೇಕು. ರಾತ್ರಿ 11ಕ್ಕೆ ಒಂದು ನೋಟ ಸಾಕು. 3ಕ್ಕೆ ಅದೇ ಗಾಜನ್ನು ಮತ್ತೆ ಮತ್ತೆ ದೀಪಕ್ಕೆ ಹಿಡಿಯಬೇಕಾಗುತ್ತದೆ. ಕಣ್ಣು ತೆರೆದೇ ಇರುತ್ತದೆ, ನೋಡಿದ್ದು ತಲೆಗೆ ಹತ್ತುವುದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ಪಕ್ಕದವರನ್ನು ಕರೆದು ಅವರಿಗೂ ತೋರಿಸುತ್ತೇವೆ. ನಿಮ್ಮದು ಕರಗಿದ ಕಬ್ಬಿಣದ ಕೆಲಸ. 3ರಿಂದ 5ರ ನಡುವೆ ಒಬ್ಬರೇ ಇರಬೇಡಿ, ಜೋಡಿಯಾಗಿ ಇರಿ. ಬಿಡುವಿನಲ್ಲಿ ಒಂದು 20 ನಿಮಿಷ ಮಲಗಲು ಜಾಗ ಸಿಕ್ಕರೆ ಬಿಡಬೇಡಿ. ಆದರೆ ಎದ್ದ ಕೂಡಲೇ ಕುಲುಮೆಯ ಹತ್ತಿರ ಹೋಗಬೇಡಿ. ಮುಖ ತೊಳೆದು ಸ್ವಲ್ಪ ಹೊತ್ತು ಓಡಾಡಿ, ಮಂಪರು ಪೂರ್ತಿ ಹೋಗಲಿ.

ಈಗ ಹಗಲಿನ ನಿದ್ದೆ. ಮನೆಗೆ ಬಂದು ಪೇಪರ್, ಟಿವಿ, ಮೊಬೈಲ್ ಅಂತ ಕೂತರೆ ನಿದ್ದೆ ಹಾರಿಹೋಗುತ್ತದೆ. ಬಂದವರೇ ಸ್ನಾನ ಮಾಡಿ, ಸ್ವಲ್ಪ ತಿಂದು, ಏಳೂವರೆಯೊಳಗೆ ಹಾಸಿಗೆ ಸೇರಿ. ಕೋಣೆ ಕತ್ತಲಾಗಿರಬೇಕು, ತಂಪಾಗಿರಬೇಕು. ನಮ್ಮ ಹಳೇ ಮನೆಯ ಮಣ್ಣಿನ ಮಾಳಿಗೆಯ ಒಳಕೋಣೆಯಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. ಪತ್ರಾಸ್, ಅಂದರೆ ತಗಡು ಹೊದಿಸಿದ ಮನೆಯಾದರೆ ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಒಳಗೆ ಮಲಗಲು ಆಗುವುದಿಲ್ಲ. ನಾವು ಕಿಟಕಿಗೆ ಹಳೆಯ ಕೌದಿ ಕಟ್ಟಿದ್ದೇವೆ. ನಾಲ್ಕಾರು ಪದರು ಬಟ್ಟೆ ಸೇರಿಸಿ ಹೊಲಿದದ್ದು, ಬೆಳಕನ್ನು ಪೂರ್ತಿ ತಡೆಯುತ್ತದೆ, ಓಣಿಯ ಗದ್ದಲವೂ ಸ್ವಲ್ಪ ಕಡಿಮೆ ಕೇಳುತ್ತದೆ. ಅಂಗಡಿಯ ಪರದೆಗಿಂತ ಅದೇ ವಾಸಿ.

ಹಗಲು ಏಳೆಂಟು ಗಂಟೆ ಒಂದೇ ಸಮನೆ ನಿದ್ದೆ ಬರುತ್ತದೆ ಅಂದುಕೊಳ್ಳಬೇಡಿ. ಮಲಗಿ ಐದು ತಾಸಿಗೆಲ್ಲ ಎಚ್ಚರ ಆಗುವುದು ಸಾಮಾನ್ಯ. ಹೊರಳಾಡುತ್ತಾ ಬಿದ್ದುಕೊಳ್ಳದೆ ಎದ್ದುಬಿಡಿ. ಉಳಿದದ್ದನ್ನು ಸಂಜೆ ಡ್ಯೂಟಿಗೆ ಹೊರಡುವ ಮುಂಚೆ ಒಂದು ಒಂದೂವರೆ ಗಂಟೆ ಮಲಗಿ ತುಂಬಿಸಿಕೊಳ್ಳಿ. ಹೊಸಬರು ಈ ಸಂಜೆ ನಿದ್ದೆಯನ್ನು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ರಾತ್ರಿಯನ್ನು ದಾಟಿಸುವುದೇ ಅದು.

ಮನೆಯವರ ವಿಷಯಕ್ಕೆ ಬರುತ್ತೇನೆ. ಬಾಗಿಲು ಬಡಿದವರಿಗೆಲ್ಲ ನನ್ನ ಹೆಂಡತಿ ಒಂದೇ ಮಾತು ಹೇಳುತ್ತಾಳೆ, ‘ಅವ್ರು ಮಲಗ್ಯಾರ್ರಿ, ನಾಲ್ಕಕ್ಕ ಬರ್ರಿ.’ ಬೀಗರು ಬಂದರೂ ಅದೇ. ಮೊದಮೊದಲು ಕೆಲವರಿಗೆ ಬೇಜಾರಾಯಿತು, ಈಗ ಓಣಿಗೆಲ್ಲ ಗೊತ್ತು. ಫೋನ್ ಅವಳ ಹತ್ತಿರ ಇರುತ್ತದೆ, ನಿಜವಾಗಿ ತುರ್ತು ಇದ್ದರೆ ಮಾತ್ರ ಎಬ್ಬಿಸುತ್ತಾಳೆ. ನಿಮ್ಮ ಮಗಳಿಗೆ ಇದೆಲ್ಲ ತಿಳಿಯುವ ವಯಸ್ಸಲ್ಲ. ಅಪ್ಪ ಮನೆಯಲ್ಲಿದ್ದೂ ಎತ್ತಿಕೊಳ್ಳುವುದಿಲ್ಲ ಅಂದರೆ ಅಳುತ್ತಾಳೆ. ಬೆಳಿಗ್ಗೆ ಒಂದೆರಡು ತಾಸು ಅಜ್ಜಿ ಅವಳನ್ನು ಗುಡಿಗೋ ಪಕ್ಕದ ಮನೆಗೋ ಕರೆದುಕೊಂಡು ಹೋಗಲಿ. ಸಂಜೆ 4ರಿಂದ ನೀವು ಮತ್ತೆ ಮಲಗುವ ತನಕ ಪೂರ್ತಿ ಅವಳ ಜೊತೆ ಇರಿ. ಆ ಹೊತ್ತಿನಲ್ಲಿ ಬೇರೆ ಕೆಲಸ ಹಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ನೀವು ಫೌಂಡ್ರಿಯಲ್ಲಿ ಇದ್ದಾಗ ನಿಮ್ಮ ಹೆಂಡತಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಮಗು ಎದ್ದರೆ ಅವರೇ ಏಳಬೇಕು, ಹೊರಗೆ ಸಪ್ಪಳ ಆದರೆ ಅವರೇ ನೋಡಬೇಕು. ಹಗಲು ನಿಮ್ಮ ನಿದ್ದೆ ಕಾಯುವವರೂ ಅವರೇ. ಎದ್ದ ಮೇಲೆ ಬಿಸಿ ರೊಟ್ಟಿ ಬೇಕು ಅಂತ ಹಟ ಹಿಡಿಯಬೇಡಿ. ವಾರದ ರಜೆಯಲ್ಲಿ ಮಗುವನ್ನು ನೀವು ನೋಡಿಕೊಂಡು ಅವರನ್ನು ಮಲಗಲು ಬಿಡಿ.

ಎಳ್ಳ ಅಮಾವಾಸ್ಯೆಯ ಚರಗ, ಬನಶಂಕರಿ ಜಾತ್ರೆ ಎಲ್ಲ ನಮಗೆ ಹಂಗಾಮಿನಲ್ಲೇ ಬರುತ್ತವೆ. ಬಾಗಲಕೋಟೆಯಲ್ಲಿ ಹೋಳಿ ಬಂತಂದರೆ ಹಲಗೆ ಸದ್ದಿಗೆ ಹಗಲು ಕಣ್ಣು ಮುಚ್ಚುವುದೇ ಕಷ್ಟ. ಹಬ್ಬ ಬಿಡಬೇಡಿ. ಆದರೆ ಪಾಳಿ ಮುಗಿಸಿ ನೇರ ಜಾತ್ರೆಗೆ ಹೋಗಬೇಡಿ. ಮೊದಲು ಮೂರು ನಾಲ್ಕು ತಾಸು ನಿದ್ದೆ, ಆಮೇಲೆ ಜಾತ್ರೆ.

ಊಟದಲ್ಲಿ ಒಂದೇ ಸಂಗತಿ ನೆನಪಿಡಿ. ಅದೇ ಅನ್ನ ಮಧ್ಯಾಹ್ನ ಉಂಡಾಗ ಏರುವುದಕ್ಕಿಂತ ಜಾಸ್ತಿ ರಕ್ತದ ಸಕ್ಕರೆ ನಡುರಾತ್ರಿ ಉಂಡಾಗ ಏರುತ್ತದೆ. ಹೊಟ್ಟೆಯೂ ಆಗ ನಿಧಾನ. ದೊಡ್ಡ ಊಟ ಡ್ಯೂಟಿಗೆ ಹೋಗುವ ಮುಂಚೆಯೇ ಆಗಲಿ. ಜೋಳದ ರೊಟ್ಟಿ, ಕಾಳು ಪಲ್ಯ, ಮೊಸರು, ಒಂದಿಷ್ಟು ಹಸಿ ತರಕಾರಿ. 12-1ರ ಸುಮಾರಿಗೆ ಡಬ್ಬಿಯಲ್ಲಿ ಸ್ವಲ್ಪ ಮಾತ್ರ, ಒಂದು ರೊಟ್ಟಿ ಶೇಂಗಾ ಹಿಂಡಿ, ಮಜ್ಜಿಗೆ, ಇಲ್ಲವೇ ಬಾಳೆಹಣ್ಣು. ನಮ್ಮ ಕಡೆ ರಾತ್ರಿ 2ಕ್ಕೆ ಗೇಟಿನ ಹೊರಗೆ ಬಿಸಿ ಮಿರ್ಚಿ ಭಜಿ, ಚಹಾ ಸಿಗುತ್ತದೆ. ಚಳಿಯಲ್ಲಿ ಅದರ ವಾಸನೆಗೇ ಕಾಲು ಎಳೆಯುತ್ತದೆ. ಮರುದಿನ ಎದೆಯುರಿಯಲ್ಲಿ ಹಗಲ ನಿದ್ದೆ ಕೆಡುತ್ತದೆ. ಚಹಾ ಪಾಳಿಯ ಮೊದಲರ್ಧಕ್ಕೆ ಮುಗಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ತಾಸಾದರೂ ಮೈಯಲ್ಲೇ ಉಳಿದಿರುತ್ತದೆ. ಎಚ್ಚರ ಇರಲು ಗುಟ್ಕಾ, ನಿದ್ದೆ ಬರಲು ಸೆರೆ, ಈ ಎರಡನ್ನೂ ಜೊತೆಯವರು ಕಲಿಸಲು ನೋಡುತ್ತಾರೆ. ದಯವಿಟ್ಟು ಕಲಿಯಬೇಡಿ. ಕುಡಿದು ಮಲಗಿದರೆ ನಿದ್ದೆ ಬೇಗ ಬರುತ್ತದೆ, ಆದರೆ ನಡುನಡುವೆ ಮುರಿಯುತ್ತದೆ. ಮೆಡಿಕಲ್ ಅಂಗಡಿಯಿಂದ ಸುಮ್ನೆ ನಿದ್ದೆ ಮಾತ್ರೆ ತರುವುದೂ ಬೇಡ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ದಾರಿಯದು. 17 ತಾಸು ನಿದ್ದೆ ಇಲ್ಲದೆ ಎದ್ದಿರುವವನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇರುವವನಷ್ಟಕ್ಕೇ ಇಳಿದಿರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಕಾನೂನಿನ ಮಿತಿ 30 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ. ಮೊದಲ ದಿನ ಬೆಳಿಗ್ಗೆ 7ಕ್ಕೆ ಎದ್ದವರು ಮಲಗದೆ ಹಾಗೇ ಪಾಳಿಗೆ ಹೋದರೆ ನಡುರಾತ್ರಿಗೇ 17 ತಾಸು. ಬೈಕ್ ಹತ್ತುವಾಗ 23. ಹಾಗಾಗಿ ಮೊದಲ ರಾತ್ರಿಯ ಮುಂಚೆ ಮಧ್ಯಾಹ್ನ ಮಲಗಲೇಬೇಕು. ನಮ್ಮ ರಸ್ತೆಗಳಲ್ಲಿ ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ, ಎಷ್ಟಕ್ಕೋ ಹಿಂದೆ ದೀಪವೇ ಇಲ್ಲ. ತೂಕಡಿಸುವವರ ಕಣ್ಣಿಗೆ ಅವು ಬೀಳುವುದಿಲ್ಲ. ರೆಪ್ಪೆ ಭಾರ ಆದರೆ ಗಾಡಿ ನಿಲ್ಲಿಸಿ, ಸುರಕ್ಷಿತ ಜಾಗದಲ್ಲಿ ಕೂತು ಕಣ್ಣು ಮುಚ್ಚಿ. ಸಾಧ್ಯವಿದ್ದರೆ ಬಸ್ಸಿಗೆ ಬನ್ನಿ. ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡರೆ ಮನೆಯಲ್ಲಿ ನಿದ್ದೆ ಬೇಗ ಹತ್ತುತ್ತದೆ. ನೀವೇ ಗಾಡಿ ಓಡಿಸುವಾಗ ಅದು ಬೇಡ.

ಆರೋಗ್ಯದ ಬಗ್ಗೆ ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಜಾಸ್ತಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಸಂಗತಿಗಳ ಗುಂಪಿನಲ್ಲಿ ಇಟ್ಟಿದೆ. ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿ. ಈಗಾಗಲೇ ಶುಗರ್ ಮಾತ್ರೆ, ಇನ್ಸುಲಿನ್ ಇದ್ದರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಸೇರುವ ಮೊದಲೇ ಡಾಕ್ಟರನ್ನು ಕೇಳಿ. ಮೂರ್ಛೆ ರೋಗ ಇರುವವರಿಗೆ ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು. ಅಂಥವರು ಈ ಪಾಳಿ ಹಿಡಿಯದಿರುವುದೇ ಒಳ್ಳೆಯದು. ಒಂದೆರಡು ತಿಂಗಳಾದರೂ ರಜೆಯ ದಿನವೂ ನಿದ್ದೆ ಬರುತ್ತಿಲ್ಲ, ಎಲ್ಲರ ಮೇಲೂ ಸಿಟ್ಟು ಬರುತ್ತಿದೆ, ಕೂತಲ್ಲೇ ಕಣ್ಣು ಹತ್ತುತ್ತಿದೆ ಅಂದರೆ ಡಾಕ್ಟರ ಹತ್ತಿರ ಹೋಗಿ.

ಸೇರುವ ಮೊದಲು ಫೌಂಡ್ರಿಯವರನ್ನು ಒಂದು ಪ್ರಶ್ನೆ ಕೇಳಿ. ಪಾಳಿ ಯಾವಾಗಲೂ ರಾತ್ರಿಯದ್ದೇನಾ, ಬದಲಾಗುತ್ತದಾ? ಬದಲಾಗುವುದಾದರೆ ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ ಅನ್ನುವ ಸಾಲು ಮೈಗೆ ಹಗುರ. ನಮ್ಮೊಳಗಿನ ಗಡಿಯಾರದ ದಿನ 24 ತಾಸಿಗಿಂತ ತುಸು ಉದ್ದ, ಅದಕ್ಕೆ ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ. ಉಲ್ಟಾ ಸಾಲಿದ್ದರೆ ಬದಲಾಯಿಸಿ ಅಂತ ಜೊತೆಯವರೆಲ್ಲ ಸೇರಿ ಕೇಳಿ. ಇದಕ್ಕೆ ಮಾಲೀಕರಿಗೂ ದುಡ್ಡು ಖರ್ಚಿಲ್ಲ, ಹಾಜರಿ ಪುಸ್ತಕದಲ್ಲಿ ಸಾಲು ಬದಲಿಸಿದರೆ ಆಯಿತು.