ಬಿಳಿ ಹಾಳೆಯ ವಿಲ್ ನಡೆಯುತ್ತೆ, ಆದರೆ ಸಾಕ್ಷಿಗಳು ಯಾರು?

ನೀವು ಕೇಳಿರುವುದು ಇಷ್ಟು: ಅಪ್ಪನಿಗೆ 74 ವರ್ಷ, ಮೂಡಿಗೆರೆ ಕಡೆ ಮೂರು ಎಕರೆ ಕಾಫಿ ತೋಟ, ಹಾಸನದಲ್ಲಿ ಒಂದು ಸೈಟು. ಬಿಳಿ ಹಾಳೆಯಲ್ಲಿ ವಿಲ್ ಬರೆದರೆ ನಡೆಯುತ್ತಾ, ರಿಜಿಸ್ಟರ್ ಮಾಡಿಸಲೇಬೇಕಾ?

ನಡೆಯುತ್ತೆ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಅಪ್ಪನ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳನ್ನು. ಅಪ್ಪ ಸಹಿ ಹಾಕಿದ್ದನ್ನು ಅವರು ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ಅಪ್ಪನ ಬಾಯಿಂದಲೇ ಕೇಳಿರಬೇಕು. ಆಮೇಲೆ ಅಪ್ಪನ ಎದುರಿಗೇ ತಾವೂ ಸಹಿ ಹಾಕಬೇಕು. ಆದರೂ ರಿಜಿಸ್ಟರ್ ಮಾಡಿಸಿ ಅಂತಲೇ ನಾನು ಹೇಳುತ್ತೇನೆ. ಕಾಗದ ಕಳೆದರೆ ಪ್ರತಿ ಸಿಗುತ್ತದೆ, ಅಪ್ಪ ಸಬ್ ರಿಜಿಸ್ಟ್ರಾರ್ ಎದುರು ಕೂತು ಒಪ್ಪಿಕೊಂಡಿದ್ದಕ್ಕೆ ದಾಖಲೆ ಇರುತ್ತದೆ. ಅಷ್ಟೇ. ರಿಜಿಸ್ಟರ್ ಆದ ಮಾತ್ರಕ್ಕೆ ಯಾರೂ ಅಲ್ಲಾಡಿಸೋಕಾಗಲ್ಲ ಅಂತ ಊರಲ್ಲಿ ಹೇಳುತ್ತಾರಲ್ಲ, ಅದು ಸುಳ್ಳು. ಅದನ್ನು ನಂಬಿ ಮೂರು ವರ್ಷ ಅಲೆದವನು ನಾನು.

ನಮ್ಮದು ಸಕಲೇಶಪುರದ ಕಡೆ. ಅಪ್ಪ ರಿಜಿಸ್ಟರ್ಡ್ ವಿಲ್ಲೇ ಬರೆದಿದ್ದರು. ಸಾಕ್ಷಿ ಹಾಕಿದ್ದು ಅವರ ಇಬ್ಬರು ಗೆಳೆಯರು, ಒಬ್ಬರು ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವರು. ಅಪ್ಪ ಹೋದ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಹಾಕಿದೆ, ಅಣ್ಣ ತಕರಾರು ಹಾಕಿದ. ತಕರಾರು ಬಂದ ಮೇಲೆ ವಿಲ್ ಅಸಲಿಯೋ ನಕಲಿಯೋ ಅಂತ ಕಂದಾಯದವರು ತೀರ್ಮಾನಿಸುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂದರು. ಕೋರ್ಟಲ್ಲಿ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಬಂದು ಹೇಳಬೇಕು. ನಮ್ಮ ಇಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು! ಪತ್ರ ಬರೆದ ಬಿಕ್ಕಲಂದಾರರು ಇದ್ದಾರಲ್ಲ ಅಂದೆ. ಬರೆದ ಮಾತ್ರಕ್ಕೆ ಅವರು ಸಾಕ್ಷಿ ಆಗಲ್ಲ, ಅಂದರು ವಕೀಲರು.

ಸಾಕ್ಷಿಗಳು ಇಲ್ಲದಿದ್ದರೆ, ಅಪ್ಪನ ಸಹಿ ಅಪ್ಪನದೇ, ಸಾಕ್ಷಿಗಳಲ್ಲಿ ಒಬ್ಬರ ಸಹಿಯಾದರೂ ಅವರದೇ ಅಂತ ತೋರಿಸಬೇಕು. ಅಪ್ಪನದು ಬ್ಯಾಂಕಲ್ಲಿ ಸಿಕ್ಕಿತು. ಗೆಳೆಯರದು? ಕೊನೆಗೆ ಊರಿನ ಸೊಸೈಟಿಯ ಹಳೇ ಸಾಲದ ಪುಸ್ತಕದಲ್ಲಿ, ಯಾರಿಗೋ ಗೊಬ್ಬರದ ಸಾಲಕ್ಕೆ ಜಾಮೀನು ಹಾಕಿದ್ದ ಪುಟದಲ್ಲಿ, ಅವರಲ್ಲೊಬ್ಬರ ಸಹಿ ಸಿಕ್ಕಿತು. ಅಂಚು ಗೆದ್ದಲು ತಿಂದಿತ್ತು, ಮುಟ್ಟಿದರೆ ಉದುರುವ ಹಾಳೆ. ಹೆಸರಿನ ಕೊನೆಯ 'ಯ್ಯ'ಗೆ ಬಾಲ ಎಳೆದು ಪಕ್ಕದ ಕಾಲಮ್ಮಿನವರೆಗೂ ಒಯ್ದಿದ್ದರು, ವಿಲ್‌ನಲ್ಲೂ ಅದೇ ಬಾಲ. ಅವರ ಮಗ ಕೋರ್ಟಿಗೆ ಬಂದು ಇದು ನಮ್ಮಪ್ಪನದೇ ಅಂದರು. ಕಾಫಿ ಕುಯ್ಲಿನ ಟೈಮಲ್ಲಿ, ಆಳು ಸಿಗದ ದಿನ, ಕೆಲಸ ಬಿಟ್ಟು ಬಂದಿದ್ದರು.

ಹಾಗಾಗಿ ಸಾಕ್ಷಿಗೆ ಅಪ್ಪನಿಗಿಂತ 25–30 ವರ್ಷ ಚಿಕ್ಕವರನ್ನು ಹುಡುಕಿ. ಗಟ್ಟಿ ಮನುಷ್ಯರಾಗಿರಲಿ, ಊರಲ್ಲೇ ಇರುವವರಾಗಿರಲಿ. ಆಸ್ತಿ ಪಡೆಯುವ ಯಾರೂ ಸಾಕ್ಷಿ ಹಾಕುವುದು ಬೇಡ, ನೀವಂತೂ ಆ ದಿನ ಮುಂದೆ ನಿಂತು ಓಡಾಡಲೇಬೇಡಿ. ನಮ್ಮ ಮೈಸೂರು ರಾಜ್ಯದಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದು ಇವತ್ತಿಗೂ ನಡೆಯುತ್ತಿದೆ: ಲಾಭ ಪಡೆಯುವವನೇ ವಿಲ್ ಬರೆಸಲು ಮುಂದಾಗಿದ್ದರೆ ಅದೇ ಒಂದು ಅನುಮಾನ, ಅದನ್ನು ತೊಡೆಯುವ ಹೊಣೆಯೂ ಅವನದೇ. ಅದೇ ವಾರ ಡಾಕ್ಟರ್ ಹತ್ರ ಅಪ್ಪನ ಬುದ್ಧಿ ಸ್ವಾಧೀನದಲ್ಲಿದೆ ಅಂತ ಒಂದು ಚೀಟಿ ತೆಗೆದಿಡಿ, ಕಾನೂನು ಕೇಳಲ್ಲ, ಆದರೂ ಇರಲಿ.

ಇನ್ನು ತೋಟ. ಅದು ಅಪ್ಪ ದುಡಿದು ಕೊಂಡಿದ್ದಾ, ತಾತನಿಂದ ಬಂದಿದ್ದಾ? ಸ್ವಯಾರ್ಜಿತ ಆದರೆ ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತ ಒಟ್ಟು ಕುಟುಂಬದ ಆಸ್ತಿ ಆದರೆ ಅಪ್ಪ ಬರೆಯಬಹುದಾದ್ದು ತಮ್ಮ ಪಾಲನ್ನು ಮಾತ್ರ. ಅದರಲ್ಲಿ ನಿಮ್ಮ ಅಕ್ಕತಂಗಿಯರಿಗೂ ಹುಟ್ಟಿನಿಂದಲೇ ಸಮಪಾಲು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಮದುವೆಯಲ್ಲಿ ಕೊಟ್ಟಾಯ್ತಲ್ಲ, ಇನ್ನು ಅರಿಶಿನ ಕುಂಕುಮಕ್ಕೆ ಇಷ್ಟು ಅಂತ ಬಾಯಿ ಮಾತಲ್ಲಿ ಮುಗಿಸುವ ಕಾಲ ಹೋಯ್ತು. ಪಕ್ಕದ ಗೋಮಾಳದ ಒತ್ತುವರಿಯನ್ನೂ ತೋಟದ ಲೆಕ್ಕಕ್ಕೆ ಸೇರಿಸಿ ಬರೆಯುವವರಿದ್ದಾರೆ. ಸರ್ಕಾರದ ಜಾಗ ವಿಲ್ ಬರೆದರೆ ನಿಮ್ಮದಾಗುತ್ತಾ?

ಬ್ಯಾಂಕಿನ ನಾಮಿನಿ ನೀವೇ ಇರಬಹುದು, ಆದರೆ ಆ ದುಡ್ಡು ನಿಮ್ಮ ಒಬ್ಬರದೇ ಅಲ್ಲ. ನಾಮಿನಿ ವಾರಸುದಾರರ ಪರವಾಗಿ ತೆಗೆದುಕೊಳ್ಳುವವನು, ಅಷ್ಟೇ.

ದಾನಪತ್ರ ಮಾಡಿಸಿಬಿಡಿ ಅನ್ನುವವರೂ ಸಿಗುತ್ತಾರೆ. ನನಗದು ಇಷ್ಟವಿಲ್ಲ, ರಿಜಿಸ್ಟರ್ ಆದ ದಿನವೇ ತೋಟ ಅಪ್ಪನ ಕೈಬಿಡುತ್ತದೆ. ಮಾಡಿಸಲೇಬೇಕು ಅಂತಿದ್ದರೆ ಕೊನೆವರೆಗೂ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಮಕ್ಕಳು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎಸಿ (ಉಪವಿಭಾಗಾಧಿಕಾರಿ) ಮುಂದೆ ಹೋಗಿ ರದ್ದು ಕೇಳಬಹುದು. ವಿಲ್ ಆದರೆ ಅಪ್ಪ ಇರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ಊರ್ಜಿತ. ಹೊಸದು ರಿಜಿಸ್ಟರ್ ಆಗದಿದ್ದರೂ ಸರಿ, ಹಳೆಯ ರಿಜಿಸ್ಟರ್ಡ್ ವಿಲ್ ಬಿದ್ದುಹೋಗುತ್ತದೆ.

ವಕೀಲರ ಹತ್ರ ಹೋಗುವ ಮುಂಚೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿ, ಸರ್ವೆ ನಂಬರು, ವಿಸ್ತೀರ್ಣ ಸರಿಯಾಗಿದೆಯಾ ನೋಡಿ. ಅಪ್ಪನ ಹೆಸರು ಆಧಾರ್‌ನಲ್ಲೂ ಪಹಣಿಯಲ್ಲೂ ಒಂದೇ ಥರ ಇದೆಯಾ ಅಂತಲೂ ನೋಡಿ. ನಮ್ಮದರಲ್ಲಿ ಒಂದು ಕಡೆ 'ಗೌಡ' ಇತ್ತು, ಇನ್ನೊಂದು ಕಡೆ ಇರಲಿಲ್ಲ, ಅದಕ್ಕೇ ಎರಡು ತಿಂಗಳು ಹೋಯಿತು.